ಬಮ್ ಪಟ್ಟಣದ ಅಡಿಯ ಬಿರುಕು

ವರ್ಷಾನುಕ್ರಮವಾಗಿ ಚರಿತ್ರೆ ಬರೆದ ಹಿಂದಿನ ಮುಸ್ಲಿಮ್ ಇತಿಹಾಸಕಾರರ ಗ್ರಂಥಗಳನ್ನು ತೆರೆದರೆ, ಸುಲ್ತಾನರ ಪಟ್ಟಾಭಿಷೇಕ, ಯುದ್ಧ, ಬರಗಾಲ, ವಿದ್ವಾಂಸರ ನಿಧನ ಇವುಗಳ ನಡುವೆ ಆಗಾಗ ಒಂದೆರಡು ಸಾಲುಗಳಲ್ಲಿ ಭೂಕಂಪದ ಸುದ್ದಿ ಬರುತ್ತದೆ. ಇಂಥ ವರ್ಷ, ಇಂಥ ತಿಂಗಳು, ಇಂಥ ಊರು. ಮಸೀದಿಯ ಮಿನಾರ ಉರುಳಿತು, ಬಾವಿಗಳು ಬತ್ತಿದವು, ಇಷ್ಟು ಮಂದಿ ಮಡಿದರು. ಭೂಮಿಯ ಕಂಪನವನ್ನು ಅವರು ಅಲ್ಲಾಹನ ನಿದರ್ಶನಗಳಲ್ಲಿ ಒಂದೆಂದು ಕಂಡರು. ಅದನ್ನು ದಾಖಲಿಸದೆ ಮುಂದಿನ ವರ್ಷಕ್ಕೆ ಸಾಗುವುದು ಅವರಿಗೆ ಸರಿಯೆನಿಸಲಿಲ್ಲ. ತಾವು ಬರೆದಿಟ್ಟ ಆ ಸಾಲುಗಳು ಸಾವಿರ ವರ್ಷಗಳ ಬಳಿಕ ಭೂವಿಜ್ಞಾನಿಗಳ ಕೈಸೇರಿ, ಯಾವ ನಗರದ ಅಡಿಯಲ್ಲಿ ಯಾವ ಬಿರುಕು ಇದೆಯೆಂದು ಹುಡುಕುವ ಕೆಲಸಕ್ಕೆ ಒದಗುವುವೆಂದು ಅವರು ಎಣಿಸಿರಲಾರರು.

ಆದರೆ ಈ ಲೇಖನದಲ್ಲಿ ನಾವು ಮುಖ್ಯವಾಗಿ ಹೇಳಹೊರಟಿರುವುದು ಗ್ರಂಥಗಳು ಮಾತನಾಡಿದ ಊರುಗಳ ಕುರಿತಲ್ಲ, ಮೌನವಾಗಿದ್ದ ಊರುಗಳ ಕುರಿತು. ಒಂದು ಊರಿನಲ್ಲಿ ಭೂಕಂಪವಾಯಿತೆಂದು ಯಾರೂ ಬರೆದಿಲ್ಲವೆಂದರೆ ಆ ಊರು ಸುರಕ್ಷಿತವೆಂದು ಅರ್ಥವೇ? ಇರಾನಿನ ಬಮ್ ಪಟ್ಟಣ ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಅದಕ್ಕೆ ತೆತ್ತ ಬೆಲೆ ಇಪ್ಪತ್ತಾರು ಸಾವಿರಕ್ಕೂ ಹೆಚ್ಚು ಪ್ರಾಣಗಳು.

ಬಮ್ ಇರುವುದು ಇರಾನಿನ ಆಗ್ನೇಯದ ಕೆರ್ಮಾನ್ ಪ್ರಾಂತದಲ್ಲಿ, ಲೂತ್ ಮರುಭೂಮಿಯ ಅಂಚಿನಲ್ಲಿ. ಸುತ್ತಲೂ ಬೆಂಗಾಡು, ನಡುವೆ ಖರ್ಜೂರದ ತೋಟಗಳ ಹಸಿರು. ಅಲ್ಲಿನ ಮಜಾಫತಿ ಖರ್ಜೂರವನ್ನು ನಮ್ಮಲ್ಲೂ ರಮಝಾನಿನ ಇಫ್ತಾರಿಗೆ ಕೊಂಡು ತಿಂದವರು ಉಂಟು. ಕ್ರಿಸ್ತಶಕ ಹತ್ತನೆಯ ಶತಮಾನದ ಭೂಗೋಳಕಾರ ಇಬ್ನ್ ಹೌಕಲ್ ಈ ಊರಿನ ಹತ್ತಿಬಟ್ಟೆಯ ನಯವನ್ನೂ ಬಾಳಿಕೆಯನ್ನೂ ಹೊಗಳಿದ್ದಾರೆ. ವ್ಯಾಪಾರದ ದಾರಿಗಳು ಕೂಡುವ ಸ್ಥಳವಾಗಿದ್ದರಿಂದ ಏಳರಿಂದ ಹನ್ನೊಂದನೆಯ ಶತಮಾನದವರೆಗೆ ಊರು ಸಮೃದ್ಧಿಯ ಶಿಖರದಲ್ಲಿತ್ತು. ಅದರ ತಲೆಯ ಮೇಲೆ ಅರ್ಗೆ ಬಮ್ ಎಂಬ ಕೋಟೆ. ಹಸಿ ಇಟ್ಟಿಗೆ ಮತ್ತು ಕೆಸರುಮಣ್ಣಿನಿಂದ ಕಟ್ಟಿದ, ಗೋಡೆಯೊಳಗೆ ಒಂದು ಇಡೀ ನಗರವನ್ನೇ ಅಡಗಿಸಿಕೊಂಡಿದ್ದ ಈ ಕೋಟೆಯ ಮೂಲ ಇಸ್ಲಾಮ್ ಪೂರ್ವದ ಪರ್ಷಿಯನ್ ಸಾಮ್ರಾಜ್ಯದ ಕಾಲಕ್ಕೆ ಹೋಗುತ್ತದೆ. ಮಣ್ಣಿನ ಗೋಡೆಗಳು ಇಷ್ಟು ಕಾಲ ನಿಂತಿವೆಯಲ್ಲ, ಈ ನೆಲ ಅಲುಗುವ ನೆಲವಲ್ಲ ಎಂದು ನೋಡುವವರಿಗೆ ತೋರುವುದು ಸಹಜವಾಗಿತ್ತು. ಚರಿತ್ರೆಯ ಗ್ರಂಥಗಳಲ್ಲಿಯೂ ಬಮ್ ಪಟ್ಟಣವನ್ನು ಕೆಡವಿದ ಭೂಕಂಪದ ಉಲ್ಲೇಖವಿರಲಿಲ್ಲ.

2003ರ ಡಿಸೆಂಬರ್ 26, ಶುಕ್ರವಾರ. ಬೆಳಗಿನ ಜಾವ 5 ಗಂಟೆ 26 ನಿಮಿಷ. ಸೂರ್ಯೋದಯಕ್ಕೆ ಇನ್ನೂ ಸಮಯವಿತ್ತು. ಚಳಿಗಾಲವಾದ್ದರಿಂದ ಜನ ಮನೆಯೊಳಗೇ ಮಲಗಿದ್ದರು. 6.6ರ ಪ್ರಮಾಣದ ಭೂಕಂಪ ಕೆಲವೇ ಸೆಕೆಂಡುಗಳಲ್ಲಿ ಊರನ್ನು ಮಣ್ಣಿನ ರಾಶಿಯಾಗಿಸಿತು. 6.6 ಎಂಬುದು ಇರಾನಿನ ಮಟ್ಟಿಗೆ ಬಹಳ ದೊಡ್ಡ ಸಂಖ್ಯೆಯಲ್ಲ. ಅದಕ್ಕಿಂತ ಬಲವಾದವು ಅಲ್ಲಿ ಹಲವು ಬಾರಿ ಸಂಭವಿಸಿವೆ. ಆದರೆ ಬಮ್‌ನಲ್ಲಿದ್ದ ಕಂಪನಮಾಪಕವು ನೆಲ ಮೇಲೆ ಕೆಳಗೆ ಎಸೆಯಲ್ಪಟ್ಟ ವೇಗೋತ್ಕರ್ಷವನ್ನು ಹೆಚ್ಚುಕಡಮೆ ಭೂಮಿಯ ಗುರುತ್ವದಷ್ಟೇ ಎಂದು ದಾಖಲಿಸಿತು. ಅಂದರೆ ಆ ಕ್ಷಣದಲ್ಲಿ ನೆಲದ ಮೇಲಿನ ವಸ್ತುಗಳಿಗೆ ತೂಕವೇ ಇಲ್ಲದಂತಾಗಿ, ಮರುಕ್ಷಣ ಇಮ್ಮಡಿ ತೂಕ ಬಂದಂತೆ. ಕಲ್ಲಿನ ಅಥವಾ ಸುಟ್ಟ ಇಟ್ಟಿಗೆಯ ಮನೆ ಕುಸಿದರೆ ತುಂಡುಗಳ ನಡುವೆ ಉಸಿರಾಡುವಷ್ಟು ಸಂದು ಉಳಿಯುತ್ತದೆ. ಹಸಿ ಇಟ್ಟಿಗೆ ಹುಡಿಯಾಗಿಬಿಡುತ್ತದೆ, ಸಂದೇ ಉಳಿಯುವುದಿಲ್ಲ. ಸಾವಿನ ಸಂಖ್ಯೆ ಅಷ್ಟು ಏರಲು ಇದೂ ಒಂದು ಕಾರಣ.

ಭೂಕಂಪವಾದಾಗಲೆಲ್ಲ ಸತ್ತವರ ಪಾಪಗಳನ್ನು ಎಣಿಸಲು ಕುಳಿತುಕೊಳ್ಳುವವರು ನಮ್ಮ ಸಮುದಾಯದಲ್ಲಿಯೂ ಇದ್ದಾರೆ. ಕಟ್ಟಡದಡಿ ಸಿಲುಕಿ ಮಡಿದವರನ್ನು ಪ್ರವಾದಿವರ್ಯರು(ಸ) ಹುತಾತ್ಮರ ಸಾಲಿನಲ್ಲಿ ಎಣಿಸಿದ ಹದೀಸ್ ಪ್ರಸಿದ್ಧವಾಗಿರುವಾಗ ಈ ಲೆಕ್ಕಾಚಾರದ ಉತ್ಸಾಹ ಇವರಿಗೆ ಎಲ್ಲಿಂದ ಬರುತ್ತದೆಯೋ ನಾವರಿಯೆವು. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಭೂಮಿ ಬಿರಿದದ್ದು ಎಲ್ಲಿ?

ಭೂಕಂಪವೆಂದರೆ ನೆಲದಾಳದ ಶಿಲೆ ಒಂದು ಬಿರುಕಿನ ಉದ್ದಕ್ಕೂ ತಟ್ಟನೆ ಜಾರುವುದು. ಇಂಥ ಬಿರುಕಿಗೆ ಕನ್ನಡದ ಪಠ್ಯಪುಸ್ತಕಗಳು ಸ್ತರಭಂಗ ಎನ್ನುತ್ತವೆ. ಅರೇಬಿಯಾದ ಭೂಫಲಕವು ಯುರೇಷಿಯಾದ ಕಡೆಗೆ ವರ್ಷಕ್ಕೆ ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚಾಗಿ ಒತ್ತುತ್ತಿದೆ. ನಡುವೆ ಸಿಕ್ಕಿಕೊಂಡ ಇರಾನಿನ ಶಿಲೆಗಳಲ್ಲಿ ಸ್ತರಭಂಗಗಳು ಅನೇಕ. ಬಮ್‌ನ ಪೂರ್ವಕ್ಕೆ, ನೆರೆಯ ಬರವಾತ್ ಊರಿಗೂ ಅದಕ್ಕೂ ನಡುವೆ, ನೆಲ ದಿಣ್ಣೆಯಂತೆ ಎದ್ದು ನಿಂತ ಒಂದು ಉದ್ದನೆಯ ಅಂಚು ಇದೆ. ಅದು ಸ್ತರಭಂಗದ ಗುರುತೆಂದು ಭೂವಿಜ್ಞಾನಿಗಳು ಮೊದಲೇ ನಕಾಶೆಯಲ್ಲಿ ಬರೆದಿದ್ದರು. ಆದ್ದರಿಂದ ಭೂಕಂಪವಾದೊಡನೆ ಎಲ್ಲರ ಕಣ್ಣೂ ಆ ಅಂಚಿನ ಕಡೆಗೇ ಹೋಯಿತು. ಆದರೆ ಅಲ್ಲಿ ಹುಡುಕಿದವರಿಗೆ ಇಂಥ ಭೂಕಂಪಕ್ಕೆ ತಕ್ಕ ಹೊಸ ಬಿರುಕು ದೊರೆಯಲಿಲ್ಲ. ಊರಿನ ದಕ್ಷಿಣದ ಬಯಲಿನಲ್ಲಿ ಕೆಲವು ಸಣ್ಣ ಸೀಳುಗಳು ಕಂಡವು, ಅಷ್ಟೆ. ಇಷ್ಟು ದೊಡ್ಡ ನಾಶಕ್ಕೆ ಇಷ್ಟು ಚಿಕ್ಕ ಗಾಯವೇ ಎಂದು ಯಾರಾದರೂ ಕೇಳುವಂತಿತ್ತು.

ಉತ್ತರ ಬಂದದ್ದು ಆಕಾಶದಿಂದ. ಯುರೋಪಿನ ಎನ್ವಿಸ್ಯಾಟ್ ಎಂಬ ಉಪಗ್ರಹ 2002ರಲ್ಲಿ ಕಕ್ಷೆಗೆ ಸೇರಿತ್ತು. ಅದು ರೇಡಾರ್ ಅಲೆಗಳನ್ನು ನೆಲಕ್ಕೆ ಕಳುಹಿಸಿ, ಮರಳಿದ ಅಲೆಗಳಿಂದ ಚಿತ್ರ ರಚಿಸುತ್ತಿತ್ತು. ಭೂಕಂಪಕ್ಕೆ ಮುನ್ನ, 2003ರ ಡಿಸೆಂಬರ್ 3ರಂದು, ಅದು ಬಮ್ ಪ್ರದೇಶದ ಚಿತ್ರ ತೆಗೆದಿತ್ತು. ಭೂಕಂಪದ ನಂತರ 2004ರ ಜನವರಿ 7ರಂದು ಅದೇ ದಾರಿಯಲ್ಲಿ ಮತ್ತೆ ಹಾದುಹೋಯಿತು. ಎರಡು ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಅಲೆಗಳ ಅಂತರವನ್ನು ಲೆಕ್ಕ ಹಾಕಿದರೆ, ನಡುವಿನ ಅವಧಿಯಲ್ಲಿ ನೆಲದ ಯಾವ ಭಾಗ ಎಷ್ಟು ಸರಿದಿದೆ ಎಂಬುದು ಬಣ್ಣದ ಪಟ್ಟಿಗಳಾಗಿ ಕಾಣುತ್ತದೆ. ಒಂದೊಂದು ಪಟ್ಟಿಯೂ ಮೂರು ಸೆಂಟಿಮೀಟರಿಗಿಂತ ಕಡಿಮೆ ಸರಿತವನ್ನು ಸೂಚಿಸುತ್ತದೆ. ಎಂಟುನೂರು ಕಿಲೋಮೀಟರ್ ಎತ್ತರದಿಂದ ಎರಡು ಬೆರಳಿನಗಲದ ಚಲನೆಯನ್ನು ಅಳೆಯುವ ವಿದ್ಯೆ ಇದು.

ಇರಾನಿನ ಮೊರ್ತೆಜಾ ತಲೆಬಿಯಾನ್ ಮತ್ತು ಬ್ರಿಟನ್ನಿನ ಸಹೋದ್ಯೋಗಿಗಳು ಸೇರಿ ಆ ಚಿತ್ರಗಳನ್ನು ಓದಿ 2004ರಲ್ಲಿಯೇ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಜಾರಿದ ಸ್ತರಭಂಗ ಎಲ್ಲರೂ ನೋಡುತ್ತಿದ್ದ ಅಂಚಿನದಾಗಿರಲಿಲ್ಲ. ಅದು ಅಲ್ಲಿಂದ ಸುಮಾರು ಐದು ಕಿಲೋಮೀಟರ್ ಪಶ್ಚಿಮಕ್ಕೆ, ದಕ್ಷಿಣದ ಬಯಲಿನಿಂದ ಹೊರಟು ನೇರವಾಗಿ ಬಮ್ ಪಟ್ಟಣದ ಅಡಿಗೇ ನುಗ್ಗಿತ್ತು. ಅದುವರೆಗೆ ಯಾವ ನಕಾಶೆಯಲ್ಲಿಯೂ ಅದರ ಗೆರೆ ಇರಲಿಲ್ಲ. ಆಳದಲ್ಲಿ ಎರಡು ಮೀಟರಿಗೂ ಮಿಕ್ಕಿ ಶಿಲೆ ಜಾರಿದ್ದರೂ ಆ ಜಾರುವಿಕೆ ಮೇಲ್ಮೈಯವರೆಗೆ ಬಹುಪಾಲು ತಲುಪಿರಲಿಲ್ಲ. ಮೇಲಿನ ಪದರಗಳು ಅದನ್ನು ನುಂಗಿಕೊಂಡಿದ್ದವು. ಇಂಥವನ್ನು ಭೂವಿಜ್ಞಾನದಲ್ಲಿ ಕುರುಡು ಸ್ತರಭಂಗ ಎನ್ನುವ ರೂಢಿಯಿದೆ. ಹೆಸರು ನಮಗೆ ವಿಚಿತ್ರವಾಗಿ ಕಾಣುತ್ತದೆ. ಕುರುಡಾಗಿದ್ದುದು ಅದರ ಮೇಲೆ ನಿಂತವರ ಕಣ್ಣೇ ಹೊರತು ಬಿರುಕಲ್ಲ. ಇನ್ನೊಂದು ದೌರ್ಭಾಗ್ಯವೂ ಕೂಡಿಕೊಂಡಿತ್ತು. ಬಿರಿತವು ದಕ್ಷಿಣದಿಂದ ಉತ್ತರಕ್ಕೆ, ಅಂದರೆ ಊರಿನ ಕಡೆಗೆ, ಓಡಿಬಂದಿತ್ತು; ಅಲೆಗಳ ಬಲವೆಲ್ಲ ಮುಂದಿನ ದಿಕ್ಕಿನಲ್ಲಿ ಒಟ್ಟುಗೂಡಿ ಬಮ್ ಮೇಲೆ ಎರಗಿತು.

ಹಾಗಾದರೆ ಇದಕ್ಕೆ ಮುನ್ನ ಯಾವ ಸುಳಿವೂ ಇರಲಿಲ್ಲವೇ? ಇತ್ತು. ಜನರು ದಿನವೂ ಕುಡಿಯುತ್ತಿದ್ದ ನೀರಿನಲ್ಲಿಯೇ ಇತ್ತು.

ಬಮ್ ಬದುಕಿದ್ದೇ ಖನಾತ್‌ಗಳಿಂದ. ಬೆಟ್ಟದ ಬುಡದ ಅಂತರ್ಜಲವನ್ನು ಹಿಡಿದು, ನೆಲದಡಿಯಲ್ಲಿ ಇಳಿಜಾರಾದ ಸುರಂಗ ತೋಡಿ, ಬಿಸಿಲಿಗೆ ಆರಿಹೋಗದಂತೆ ಊರಿಗೆ ತರುವ ವಿಧಾನವದು. ನಡುನಡುವೆ ಸುರಂಗಕ್ಕೆ ಇಳಿಯಲು ಬಾವಿಯಂತಹ ಕಂಡಿಗಳು. ಕನ್ನಡಿಗರಿಗೆ ಇದು ತೀರ ಅಪರಿಚಿತವಲ್ಲ: ಬಹಮನಿ ಸುಲ್ತಾನರ ಕಾಲದಲ್ಲಿ ಪರ್ಷಿಯಾದ ಈ ವಿದ್ಯೆ ಬೀದರಿಗೆ ಬಂದು, ನೌಬಾದಿನ ಕೆಂಪುಕಲ್ಲಿನೊಳಗೆ ಇಂದಿಗೂ ಸುರಂಗ ಬಾವಿ ಎಂಬ ಹೆಸರಿನಲ್ಲಿ ಉಳಿದಿದೆ. ಇರಾನಿನಲ್ಲಿ ಖನಾತ್‌ಗಳ ಅತ್ಯಂತ ಹಳೆಯ ಕುರುಹುಗಳಲ್ಲಿ ಕೆಲವು ಬಮ್ ಸುತ್ತಮುತ್ತಲೇ ದೊರೆತಿವೆ.

ಮರುಭೂಮಿಯ ಅಂಚಿನಲ್ಲಿ ಅಲ್ಲಿಯೇ ನೀರು ಏಕೆ ನಿಂತಿತು? ಕೇಂಬ್ರಿಜ್ ವಿಶ್ವವಿದ್ಯಾಲಯದ ಭೂವಿಜ್ಞಾನಿ ಜೇಮ್ಸ್ ಜಾಕ್ಸನ್ ಇದರ ಕುರಿತು ವಿಸ್ತಾರವಾಗಿ ಬರೆದಿದ್ದಾರೆ. ಸ್ತರಭಂಗ ಜಾರುವಾಗ ಶಿಲೆ ಅರೆದು ನುಣ್ಣನೆಯ ಜೇಡಿಯಂತಾಗುತ್ತದೆ. ಅದರ ಮೂಲಕ ನೀರು ಸುಲಭವಾಗಿ ಹಾಯದು. ಬೆಟ್ಟದ ಕಡೆಯಿಂದ ಮರಳುಜಲ್ಲಿಯ ಪದರಗಳಲ್ಲಿ ಇಳಿದುಬಂದ ಅಂತರ್ಜಲ ಅಲ್ಲಿ ಅಣೆಕಟ್ಟಿಗೆ ತಾಗಿದಂತೆ ನಿಂತು ಮೇಲೇರುತ್ತದೆ. ಸಾವಿರಾರು ವರ್ಷಗಳಲ್ಲಿ ಮರಳಿ ಮರಳಿ ಜಾರಿ ಎದ್ದ ನೆಲವು ಇಳಿಜಾರನ್ನೂ ಒದಗಿಸುತ್ತದೆ. ಖನಾತ್ ತೋಡುವವನಿಗೆ ಬೇಕಾದದ್ದು ಇವೆರಡೇ. ಅವನು ಬಿರುಕನ್ನು ಹುಡುಕಿಕೊಂಡು ಹೋದವನಲ್ಲ, ನೀರನ್ನು ಹುಡುಕಿಕೊಂಡು ಹೋಗಿ ಬಿರುಕಿನ ಬಳಿಗೇ ತಲುಪಿದವನು. ಅವನ ಹಿಂದೆ ತೋಟ, ತೋಟದ ಹಿಂದೆ ಮನೆ, ಮನೆಗಳ ನಡುವೆ ಮಸೀದಿ ಮತ್ತು ಬಝಾರು ಬಂದವು. ಆಗ್ನೇಯ ಇರಾನಿನ ಸೆಫೀದಾಬೆ ಎಂಬ ಹಳ್ಳಿಯ ಕತೆಯೂ ಇದೇ. ಸುತ್ತ ಬಹುದೂರದವರೆಗೆ ನೀರಿಲ್ಲದ ನಾಡಿನಲ್ಲಿ ಆ ಒಂದು ಹಳ್ಳಿ ನಿಂತಿರುವುದು ಅಡಗಿದ ಸ್ತರಭಂಗವೊಂದು ಎತ್ತಿದ ದಿಬ್ಬದ ಮಗ್ಗುಲಲ್ಲಿ. 1994ರ ಫೆಬ್ರವರಿಯಲ್ಲಿ ಅಲ್ಲಿ ಸಾಲುಸಾಲಾಗಿ ಭೂಕಂಪಗಳಾದವು. ಹಳ್ಳಿ ಚಿಕ್ಕದಾದ್ದರಿಂದ ಜಗತ್ತು ಅದನ್ನು ಗಮನಿಸಲಿಲ್ಲ.

ಈಗ ಚರಿತ್ರೆಯ ಗ್ರಂಥಗಳಿಗೆ ಮರಳೋಣ. ಅವು ಕೆಲವು ಊರುಗಳ ಕುರಿತು ಅಷ್ಟು ವಿವರವಾಗಿ ಹೇಳುವಾಗ ಬಮ್ ಬಗ್ಗೆ ಏಕೆ ಮೌನ?

ವಾಯವ್ಯ ಇರಾನಿನ ತಬ್ರೀಝನ್ನು ತೆಗೆದುಕೊಳ್ಳೋಣ. ಕವಿಯೂ ಯಾತ್ರಿಕನೂ ಆದ ನಾಸಿರ್ ಖುಸ್ರೌ ಹಿಜರಿ 438ರಲ್ಲಿ (1046) ಆ ನಗರವನ್ನು ಹಾದುಹೋದರು. ನಾಲ್ಕು ವರ್ಷಗಳ ಹಿಂದೆ ನಡೆದ ಭೂಕಂಪದ ಸುದ್ದಿಯನ್ನು ಅಲ್ಲಿ ಕೇಳಿ ತಮ್ಮ ಸಫರ್‌ನಾಮಾದಲ್ಲಿ ಬರೆದಿಟ್ಟರು. ಹಿಜರಿ 434ರ ರಬೀಉಲ್ ಅವ್ವಲ್ 17ರ ರಾತ್ರಿ, ಇಶಾ ನಮಾಝಿನ ನಂತರ ಅದು ಸಂಭವಿಸಿತು; ನಗರದ ಒಂದು ಭಾಗ ನೆಲಸಮವಾಯಿತು, ಇನ್ನೊಂದು ಭಾಗಕ್ಕೆ ಹಾನಿಯಾಗಲಿಲ್ಲ; ನಲವತ್ತು ಸಾವಿರ ಮಂದಿ ಸತ್ತರೆಂದು ಜನ ಹೇಳಿದರು. ಸಾವಿನ ಸಂಖ್ಯೆಯನ್ನು ನಾವು ಹಾಗೆಯೇ ನಂಬಬೇಕಾಗಿಲ್ಲ. ಹಳೆಯ ಗ್ರಂಥಗಳಲ್ಲಿ ಸಾವಿರಗಳು ಧಾರಾಳವಾಗಿ ಬರುತ್ತವೆ. ಆದರೆ ದಿನ, ಹೊತ್ತು, ಒಂದು ಭಾಗ ಬಿದ್ದು ಇನ್ನೊಂದು ಉಳಿದದ್ದು, ಈ ಬಗೆಯ ವಿವರಕ್ಕೆ ಬೆಲೆ ಕಟ್ಟಲಾಗದು. 1721ರಲ್ಲಿಯೂ 1780ರಲ್ಲಿಯೂ ತಬ್ರೀಝ್ ಮತ್ತೆ ಉರುಳಿತು. ನಗರದ ಉತ್ತರದ ಅಂಚಿನಲ್ಲಿ ಹಾಯುವ ಸ್ತರಭಂಗ ಎಷ್ಟು ಕಾಲಕ್ಕೊಮ್ಮೆ ಎಚ್ಚರಗೊಳ್ಳುತ್ತದೆಂದು ಚಿಂತಿಸುವವರಿಗೆ ಈ ದಾಖಲೆಗಳೇ ಮೊದಲ ಆಧಾರ.

ಇಮಾಮ್ ಜಲಾಲುದ್ದೀನ್ ಸುಯೂತಿ(ರ)ಯವರು (1445–1505) ಒಂದು ಹೆಜ್ಜೆ ಮುಂದೆ ಹೋದರು. ತಫ್ಸೀರ್, ಹದೀಸ್ ಮತ್ತು ಅರಬಿ ವ್ಯಾಕರಣದ ವಿದ್ಯಾರ್ಥಿಗಳಿಗೆಲ್ಲ ಪರಿಚಿತರಾದ ಈ ಕೈರೋದ ವಿದ್ವಾಂಸರು ಭೂಕಂಪಗಳಿಗೆಂದೇ ಒಂದು ಗ್ರಂಥ ಬರೆದರೆಂಬುದು ನಮ್ಮ ಮದ್ರಸಾಗಳಲ್ಲಿ ಅನೇಕರಿಗೆ ತಿಳಿದಿಲ್ಲ. ಕಶ್ಫುಸ್ಸಲ್ಸಲ ಅನ್ ವಸ್ಫಿಝ್ಝಲ್ಝಲ ಎಂಬುದು ಅದರ ಹೆಸರು. ಚದುರಿಹೋಗಿದ್ದ ವರದಿಗಳನ್ನು ಹಲವು ಗ್ರಂಥಗಳಿಂದ ಹೆಕ್ಕಿ ವರ್ಷಾನುಸಾರವಾಗಿ ತಮ್ಮ ಕಾಲದವರೆಗೆ ಅವರು ಜೋಡಿಸಿದರು. 1843ರಲ್ಲಿ ಅಲೋಯಿಸ್ ಸ್ಪ್ರೆಂಗರ್ ಅದನ್ನು ಇಂಗ್ಲಿಷಿಗೆ ತಂದು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ಇಂಥ ಮೂಲಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕೆಲಸವನ್ನು ಇಪ್ಪತ್ತನೆಯ ಶತಮಾನದಲ್ಲಿ ಮಾಡಿದವರಲ್ಲಿ ಮುಖ್ಯರು ನಿಕೊಲಾಸ್ ಆಂಬ್ರೇಸಿಸ್. ಗ್ರೀಕ್ ಮೂಲದ ಈ ಎಂಜಿನಿಯರ್ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿದ್ದರು. ಪರ್ಷಿಯನ್ ಚರಿತ್ರೆಯ ವಿದ್ವಾಂಸ ಚಾರ್ಲ್ಸ್ ಮೆಲ್ವಿಲ್ ಜೊತೆಗೂಡಿ ಅವರು ಬರೆದ ಪರ್ಷಿಯನ್ ಭೂಕಂಪಗಳ ಚರಿತ್ರೆ 1982ರಲ್ಲಿ ಹೊರಬಂದಿತು. ಒಬ್ಬರಿಗೆ ಶಿಲೆ ಗೊತ್ತು, ಇನ್ನೊಬ್ಬರಿಗೆ ಹಸ್ತಪ್ರತಿ ಗೊತ್ತು. ಇರಾನಿನವರೇ ಆದ ಭೂವಿಜ್ಞಾನಿ ಮಾನ್ವೆಲ್ ಬರ್ಬೆರಿಯಾನ್ ಬೆಟ್ಟಗಳಲ್ಲಿ ಅಲೆದು ಸ್ತರಭಂಗಗಳ ನಕಾಶೆ ಬರೆದುದರ ಜೊತೆಗೆ ಹಳೆಯ ಗ್ರಂಥಗಳನ್ನೂ ಓದಿದರು. ಒಂದು ಭೂಕಂಪವನ್ನು ಇಬ್ಬರು ಇತಿಹಾಸಕಾರರು ಎರಡು ವರ್ಷಗಳಲ್ಲಿ ಬರೆದಿದ್ದರೆ ಅದು ಒಂದೇ ಘಟನೆಯೇ ಎರಡೇ, ಹಿಜರಿಯ ತಿಂಗಳು ಯಾವ ಋತುವಿಗೆ ಹೊಂದುತ್ತದೆ, ಬಾಗ್ದಾದಿನಲ್ಲಿ ಕುಳಿತವರಿಗೆ ಸುದ್ದಿ ಯಾರಿಂದ ತಲುಪಿತು ಎಂದೆಲ್ಲ ತೂಗಿ ನೋಡಬೇಕಾದ ಕೆಲಸವದು. ಹದೀಸ್ ವಿದ್ವಾಂಸರು ಸನದನ್ನು ಪರಿಶೀಲಿಸುವ ಕ್ರಮ ಗೊತ್ತಿರುವವರಿಗೆ ಈ ಎಚ್ಚರ ಹೊಸದೆನಿಸದು.

ಆದರೆ ಈ ಶೋಧನೆಗೆ ಒಂದು ಮಿತಿ ಇದೆ. ಚರಿತ್ರೆ ಬರೆದವರು ರಾಜಧಾನಿಗಳಲ್ಲಿ ಮತ್ತು ದೊಡ್ಡ ಪಟ್ಟಣಗಳಲ್ಲಿ ಇದ್ದರು. ಮರುಭೂಮಿಯ ಮೂಲೆಯ ಊರು ಬಿದ್ದ ಸುದ್ದಿ ಲೇಖನಿಯವರೆಗೆ ಬಾರದೆಯೇ ಹೋಗಿರಬಹುದು. ಇದಕ್ಕಿಂತ ದೊಡ್ಡ ಮಿತಿ ಕಾಲದ್ದು. ಒಂದು ಸ್ತರಭಂಗದ ಎರಡು ಬದಿಗಳು ವರ್ಷಕ್ಕೆ ಒಂದು ಮಿಲಿಮೀಟರಿನಷ್ಟು ಸರಿಯಲು ಹವಣಿಸುತ್ತವೆ ಎಂದಿಟ್ಟುಕೊಳ್ಳಿ. ಅದು ಒಮ್ಮೆಗೆ ಎರಡು ಮೀಟರ್ ಜಾರಬೇಕಾದರೆ ಎರಡು ಸಾವಿರ ವರ್ಷಗಳ ಒತ್ತಡ ಸಂಗ್ರಹವಾಗಬೇಕು. ಹಿಜರಿ ಶಕೆಗೆ ಇನ್ನೂ ಸಾವಿರದ ಐನೂರು ವರ್ಷಗಳೂ ಪೂರ್ತಿಯಾಗಿಲ್ಲ. ಇಡೀ ಇಸ್ಲಾಮೀ ಚರಿತ್ರೆಯ ಎಲ್ಲ ಪುಟಗಳೂ ಅಂಥ ಸ್ತರಭಂಗದ ಒಂದೇ ನಿದ್ದೆಯೊಳಗೆ ಮುಗಿದುಹೋಗುತ್ತವೆ. ಗ್ರಂಥದ ಮೌನ ಸುರಕ್ಷತೆಯ ಸಾಕ್ಷ್ಯವಲ್ಲ ಎಂಬುದಕ್ಕೆ ಇಷ್ಟು ಲೆಕ್ಕ ಸಾಕು.

ಬಮ್‌ಗೆ ಇಪ್ಪತ್ತೈದು ವರ್ಷ ಮುಂಚೆಯೇ ಈ ಪಾಠವನ್ನು ತಬಸ್ ಎಂಬ ಇನ್ನೊಂದು ಓಯಸಿಸ್ ಪಟ್ಟಣ ಹೇಳಿತ್ತು. ಅದೇ ನಾಸಿರ್ ಖುಸ್ರೌ ಹಜ್ಜಿನ ಯಾತ್ರೆಯಿಂದ ಮರಳುವಾಗ 1052ರಲ್ಲಿ ತಬಸ್ ಮೂಲಕ ಬಂದು, ಅಲ್ಲಿನ ತೋಟಗಳನ್ನೂ ಅಮೀರನ ಆಳ್ವಿಕೆಯಲ್ಲಿದ್ದ ನೆಮ್ಮದಿಯನ್ನೂ ಮೆಚ್ಚಿ ಬರೆದಿದ್ದಾರೆ. ಮುಂದಿನ ಶತಮಾನಗಳಲ್ಲಿಯೂ ಆ ಊರನ್ನು ಕೆಡವಿದ ಭೂಕಂಪ ದಾಖಲಾಗಲಿಲ್ಲ. 1978ರ ಸೆಪ್ಟೆಂಬರ್ 16ರ ಸಂಜೆ 7.3ಕ್ಕೂ ಮಿಗಿಲಾದ ಪ್ರಮಾಣದ ಭೂಕಂಪದಲ್ಲಿ ಪಟ್ಟಣದ ಸುಮಾರು ಹದಿಮೂರು ಸಾವಿರ ನಿವಾಸಿಗಳಲ್ಲಿ ಹನ್ನೊಂದು ಸಾವಿರದಷ್ಟು ಮಂದಿ ಮಡಿದರು. ಆ ಬಳಿಕ ಪರಿಶೀಲಿಸಿದಾಗ, ಪಟ್ಟಣದ ಪೂರ್ವಕ್ಕೆ ಮರುಭೂಮಿಯ ಜಲ್ಲಿನೆಲದಲ್ಲಿ ಎದ್ದಿದ್ದ ತಗ್ಗು ದಿಬ್ಬಗಳ ಸಾಲು ಬರಿಯ ದಿಬ್ಬಗಳಲ್ಲವೆಂದು ಸ್ಪಷ್ಟವಾಯಿತು. ಕೆಳಗೆ ಅಡಗಿದ ಸ್ತರಭಂಗ ಪ್ರತಿಬಾರಿ ಜಾರಿದಾಗಲೂ ಮೇಲಿನ ಪದರಗಳು, ನೆಲದ ಮೇಲೆ ಹಾಸಿದ ಜಮಖಾನೆಯನ್ನು ಅಂಚಿನಿಂದ ದೂಡಿದಾಗ ಮಡಿಕೆ ಏಳುವಂತೆ, ಮಡಚಿಕೊಂಡು ಎದ್ದಿದ್ದವು. ಆ ದಿಬ್ಬಗಳನ್ನು ಕಡಿದುಕೊಂಡು ಹರಿದ ಹಳ್ಳಗಳ ಪಾತ್ರವನ್ನು ನೋಡಿದರೆ ನೆಲ ಏರುತ್ತಿರುವುದು ಕಾಣುತ್ತದೆ. ಬರವಣಿಗೆ ಇಲ್ಲದಿದ್ದರೂ ನೆಲ ತಾನೇ ಬರೆದುಕೊಂಡಿತ್ತು. ಅದನ್ನು ಓದಲು ಬಲ್ಲವರು ತಡವಾಗಿ ಬಂದರು.

ಇದು ಬಡ ದೇಶಗಳ ಅಜ್ಞಾನವೆಂದು ಯಾರೂ ತಿಳಿಯಬಾರದು. ಅಮೆರಿಕದ ಲಾಸ್ ಏಂಜಲಿಸ್ ನಗರದ ಅಡಿಯಲ್ಲಿ ಇಂಥ ಅಡಗಿದ ಸ್ತರಭಂಗಗಳಿರುವುದು ಜನರ ಗಮನಕ್ಕೆ ಬಂದುದು 1987 ಮತ್ತು 1994ರ ಭೂಕಂಪಗಳಿಂದ. 1987ರದಕ್ಕೆ ಕಾರಣವಾದ ಬಿರುಕಿನ ಚಿತ್ರ 1999ರಲ್ಲಿ ದೊರೆತದ್ದು ತೈಲ ಶೋಧಕರು ತಮ್ಮ ಉದ್ದೇಶಕ್ಕಾಗಿ ನೆಲಕ್ಕೆ ಕಂಪನ ಕಳುಹಿಸಿ ಸಂಗ್ರಹಿಸಿದ್ದ ದಾಖಲೆಗಳಲ್ಲಿ. ನಮ್ಮ ಗಡಿಯಾಚೆಯ ಲಾತೂರ್ ಜಿಲ್ಲೆಯ ಕಿಲ್ಲಾರಿಯನ್ನೂ ಬೀದರ್, ಕಲಬುರಗಿಯ ಹಿರಿಯರು ಮರೆತಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅವರ ಮನೆಗಳೂ ನಡುಗಿದ್ದವು. ದಖನ್ನಿನ ಕಪ್ಪುಕಲ್ಲಿನ ನೆಲ ಗಟ್ಟಿಯೆಂದು ನಂಬಿದ್ದ ಜಾಗದಲ್ಲಿ, ಯಾವ ನಕಾಶೆಯಲ್ಲಿಯೂ ಸ್ತರಭಂಗ ಗುರುತಾಗಿರದಿದ್ದಲ್ಲಿ, ಸುಮಾರು ಹತ್ತು ಸಾವಿರ ಜೀವಗಳು ಕಲ್ಲುಗೋಡೆಗಳಡಿ ಹೋದವು.

ಆದರೂ ನಮ್ಮ ಚಿಂತೆ ಹೆಚ್ಚಾಗಿ ತಿರುಗುವುದು ತೆಹ್ರಾನಿನ ಕಡೆಗೆ. ಹದಿಮೂರನೆಯ ಶತಮಾನದ ಭೂಗೋಳಕಾರ ಯಾಕೂತ್ ಅದನ್ನು ಜನರು ನೆಲದಡಿಯ ಮನೆಗಳಲ್ಲಿ ವಾಸಿಸುವ ಒಂದು ಹಳ್ಳಿಯೆಂದು ವರ್ಣಿಸಿದ್ದಾರೆ. ಆಗ ದೊಡ್ಡ ನಗರವೆಂದರೆ ಪಕ್ಕದ ರಯ್. ತಫ್ಸೀರಿನ ಇಮಾಮ್ ಫಖ್ರುದ್ದೀನ್ ರಾಝಿ(ರ), ವೈದ್ಯ ಅಬೂಬಕರ್ ರಾಝಿ, ಇವರ ಹೆಸರಿನಲ್ಲಿರುವ ರಾಝಿ ಎಂದರೆ ರಯ್‌ನವನೆಂದೇ ಅರ್ಥ. ಆ ರಯ್ ಭೂಕಂಪಗಳನ್ನು ಕಂಡ ನಗರ. 958ರ ಭೂಕಂಪ ಅವುಗಳಲ್ಲಿ ಪ್ರಸಿದ್ಧವಾದುದು. ಮಂಗೋಲರ ದಾಳಿಯ ನಂತರ ರಯ್ ಕ್ಷೀಣಿಸಿತು, ತೆಹ್ರಾನ್ ನಿಧಾನವಾಗಿ ಬೆಳೆಯಿತು, ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಾಜಾರ್ ದೊರೆಗಳು ಅದನ್ನು ರಾಜಧಾನಿ ಮಾಡಿದರು. 1830ರ ಮಾರ್ಚ್ 27ರಂದು ಬಲವಾದ ಭೂಕಂಪ ಉತ್ತರದ ಶಮೀರಾನ್ ಹಳ್ಳಿಗಳನ್ನು ಹಾಳುಮಾಡಿ ತೆಹ್ರಾನನ್ನೂ ಅಲುಗಿಸಿತು. ಆಗ ಅದು ಕೋಟೆಗೋಡೆಯೊಳಗಿನ ಸಾಧಾರಣ ಪಟ್ಟಣ. ಇಂದು ಆ ಹಳ್ಳಿಗಳೆಲ್ಲ ನಗರದ ಬಡಾವಣೆಗಳು. ನಗರದೊಳಗೆ ಸುಮಾರು ತೊಂಬತ್ತು ಲಕ್ಷ ಜನ.

ತೆಹ್ರಾನ್ ಕೂಡ ಬೆಟ್ಟದ ಬುಡದ ಜಲ್ಲಿನೆಲದ ಮೇಲೆ, ಖನಾತ್‌ಗಳ ನೀರಿನಿಂದಲೇ ಬೆಳೆದ ಊರು. ಅಲ್ಬೋರ್ಝ್ ಬೆಟ್ಟಗಳ ಅಂಚಿನ ದೊಡ್ಡ ಸ್ತರಭಂಗಗಳು ನಕಾಶೆಯಲ್ಲಿವೆ. ಕಷ್ಟವಿರುವುದು ನಗರದ ಒಳಗಿನವುಗಳಲ್ಲಿ. ಬಮ್ ದಕ್ಷಿಣದಲ್ಲಿ ಬಯಲಾದರೂ ಇತ್ತು. ಇಲ್ಲಿ ದಿಬ್ಬ ಕಡಿದು ರಸ್ತೆಯಾಗಿದೆ, ಹಳ್ಳ ಮುಚ್ಚಿ ಮನೆಯಾಗಿದೆ, ಅಂಚಿನ ಮೇಲೆ ಹತ್ತಾರು ಅಂತಸ್ತಿನ ಕಟ್ಟಡ ನಿಂತಿದೆ. ಬಮ್‌ನ ಬಿರುಕನ್ನು ಗುರುತಿಸಿದ ಅದೇ ತಲೆಬಿಯಾನ್ ಮತ್ತು ಸಂಗಡಿಗರು 2016ರಲ್ಲಿ ತೆಹ್ರಾನಿನ ಮಧ್ಯಭಾಗದ ಪರ್ದಿಸಾನ್ ಉದ್ಯಾನದ ಬಳಿಯ ಸ್ತರಭಂಗವೊಂದನ್ನು ವಿವರಿಸಿದರು. ಊರು ಹರಡುವ ಮುನ್ನ ವಿಮಾನದಿಂದ ತೆಗೆದ ಹಳೆಯ ಚಿತ್ರಗಳಲ್ಲಿ ನೆಲದ ಮೂಲ ರೂಪವನ್ನು ನೋಡಿ, ಇಂದಿನ ಉಪಗ್ರಹಗಳ ಎತ್ತರದ ಮಾಪನದೊಡನೆ ಹೋಲಿಸಿ, ಉದ್ಯಾನದ ಬಳಿ ತೆರೆದು ಕಾಣುವ ಪದರಗಳಲ್ಲಿ ಬಿರುಕನ್ನು ಹಿಂಬಾಲಿಸಿ, ಮರಳಿನ ಕಣಗಳು ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂಬುದನ್ನು ಪ್ರಯೋಗಾಲಯದಲ್ಲಿ ಅಳೆದು, ಅದು ಸತ್ತ ಬಿರುಕಲ್ಲ, ಇನ್ನೂ ಸರಿಯುತ್ತಿರುವುದು ಎಂದು ತೋರಿಸಿದರು. ಎರಡೂ ಕಡೆ ಹೆದ್ದಾರಿಯ ವಾಹನಗಳು ಹರಿಯುವ, ಕುಟುಂಬಗಳು ಸಂಜೆ ಬಂದು ಕೂರುವ ಹುಲ್ಲುದಿಬ್ಬವದು.

ಇಂಥ ಕೆಲಸಕ್ಕೆ ನಗರದಲ್ಲಿ ಸಿಗುವ ಅವಕಾಶ ಕಿರಿದು. ಹೊಸ ಕಟ್ಟಡಕ್ಕೆಂದು ಪಾಯ ತೋಡಿದಾಗ ಹತ್ತು ಹದಿನೈದು ಮೀಟರ್ ಆಳದವರೆಗೆ ಮರಳು, ಜಲ್ಲಿ, ಜೇಡಿಯ ಪದರಗಳು ಗೋಡೆಯಲ್ಲಿ ತೆರೆದುಕೊಳ್ಳುತ್ತವೆ. ಅವು ಅಖಂಡವಾಗಿವೆಯೋ, ಎಲ್ಲಾದರೂ ತುಂಡಾಗಿ ಒಂದು ಬದಿ ಮೇಲಕ್ಕೂ ಇನ್ನೊಂದು ಬದಿ ಕೆಳಕ್ಕೂ ಸರಿದಿವೆಯೋ ಎಂದು ನೋಡಲು ಆಗ ಸಾಧ್ಯ. ಕೆಲವು ವಾರಗಳಲ್ಲಿ ಕಬ್ಬಿಣದ ಸರಳುಗಳು ಬರುತ್ತವೆ, ಕಾಂಕ್ರೀಟ್ ಬೀಳುತ್ತದೆ, ಆ ಗೋಡೆ ಮತ್ತೆ ಯಾರಿಗೂ ಕಾಣುವುದಿಲ್ಲ.